ಅಡ್ವಾನ್ಸ್ ಕೊಟ್ಟವನು ಕೋಡಂಗಿ ಆಗಬೇಕಿಲ್ಲ

"ಸಾರ್, ಸಂಜೆ ಇನ್ನೊಂದು ಪಾರ್ಟಿ ಬರ್ತಾ ಇದೆ. ಒಂದು ಟೋಕನ್ ಹಾಕಿ ಹೋಗಿ, ಗಾಡಿ ನಿಮ್ಮದೇ." ಬೆಂಗಳೂರಿನ ರಿಂಗ್ ರೋಡ್ ಪಕ್ಕದ ಯಾರ್ಡ್ ಆಗಲಿ, ಹುಬ್ಬಳ್ಳಿಯ ಕನ್ಸಲ್ಟೆನ್ಸಿ ಆಗಲಿ, ಹಳೇ ಕಾರು ಕೊಳ್ಳಲು ಹೋದವರ ಕಿವಿಗೆ ಈ ಮಾತು ಬೀಳದೆ ಇರುವುದಿಲ್ಲ. ಹತ್ತೋ ಇಪ್ಪತ್ತೋ ಸಾವಿರ ಅಲ್ಲೇ ನಿಂತು ಯುಪಿಐ ಮಾಡುತ್ತೇವೆ. ಮನೆಗೆ ಬಂದು ಆರ್‌ಸಿ ವಿವರ ತೆಗೆದು ನೋಡಿದಾಗಲೋ, ಪರಿಚಯದ ಮೆಕ್ಯಾನಿಕ್ ಬಾನೆಟ್ ಎತ್ತಿ ಮೂಗು ಮುರಿದಾಗಲೋ ಮನಸ್ಸು ಹಿಂದೆ ಸರಿಯುತ್ತದೆ. ಫೋನ್ ಮಾಡಿದರೆ ಬರುವ ಉತ್ತರ: "ಟೋಕನ್ ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿ ಇಲ್ಲ." ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಪದ್ಧತಿ ಬೇರೆ, ಕಾನೂನು ಬೇರೆ. ಆ ಹಣ ಪೂರ್ತಿ ಅವರದ್ದಾಗಿಬಿಡುವ ಸಂದರ್ಭ ಅಪರೂಪ. ಹಾಗೆಯೇ, ಮನಸ್ಸು ಬದಲಾದ ಮಾತ್ರಕ್ಕೆ ಪೈಸೆ ಬಿಡದೆ ಎಲ್ಲವೂ ವಾಪಸ್ ಬರಲೇಬೇಕು ಎಂಬುದೂ ತಪ್ಪು ಲೆಕ್ಕ. ಈ ಎರಡರ ನಡುವೆ ನಿಮ್ಮ ಹಣ ಎಲ್ಲಿ ನಿಲ್ಲುತ್ತದೆ ಎಂಬುದು ಮೊದಲ ಎರಡು ದಿನ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

1. ವ್ಯವಹಾರ ಮುರಿದದ್ದು ಯಾರಿಂದ, ಮೊದಲು ಅದನ್ನು ಇತ್ಯರ್ಥ ಮಾಡಿಕೊಳ್ಳಿ

ಡೀಲರ್ ಜೊತೆ ಮಾತಿಗೆ ಕೂರುವ ಮೊದಲು ನಿಮ್ಮೊಳಗೇ ಉತ್ತರ ಸ್ಪಷ್ಟವಿರಲಿ. ಸುಳ್ಳು ಹೇಳಿ ಒಪ್ಪಿಸಿದ್ದಾರೆಯೇ? ಹಾಗಾದರೆ ನೀವು ಕೇಳಬೇಕಾದ್ದು ಪೂರ್ತಿ ಹಣ, ಒಂದು ರೂಪಾಯಿಯೂ ಕಡಿಮೆಯಿಲ್ಲ. "ಬ್ಯಾಂಕ್ ಎನ್‌ಒಸಿ ವಾರದಲ್ಲಿ ತರಿಸಿ ಕೊಡ್ತೀವಿ" ಎಂದು ಹೇಳಿ ತರಿಸಲಿಲ್ಲವೇ? ಆಗಲೂ ಮಾತು ತಪ್ಪಿದವರು ಅವರೇ, ಬೇಡಿಕೆ ಪೂರ್ತಿ ಹಣದ್ದೇ. ಇದ್ಯಾವುದೂ ಅಲ್ಲ, ಮನೆಯವರಿಗೆ ಬಣ್ಣ ಹಿಡಿಸಲಿಲ್ಲ, ಭಾವಮೈದುನ ಇದಕ್ಕಿಂತ ಅಗ್ಗದ ಗಾಡಿ ತೋರಿಸಿದ ಎಂದಾದರೆ ನೀವು ಚೌಕಾಸಿ ಮಾಡಬೇಕಾದವರು. ಮೂರನೆಯ ಸಂಗತಿಯನ್ನು ಮೊದಲನೆಯದರ ವೇಷ ಹಾಕಿ ಒಯ್ಯಬೇಡಿ. "ಇಂಜಿನ್ ಸದ್ದು ಸರಿಯಿಲ್ಲ" ಎಂದು ಈಗ ಹೊಸದಾಗಿ ಕಥೆ ಕಟ್ಟಿದರೆ ಡೀಲರ್ ಅಲ್ಲೇ ಸ್ಟಾರ್ಟ್ ಮಾಡಿ ತೋರಿಸುತ್ತಾನೆ, ಆಮೇಲೆ ನಿಮ್ಮ ನಿಜವಾದ ಮಾತಿಗೂ ಬೆಲೆ ಇರುವುದಿಲ್ಲ.

2. ಬೇಡ ಅನ್ನಿಸಿದ ದಿನವೇ ಬರೆದು ತಿಳಿಸಿ

ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಯಿತು. ಫೋನ್ ಮಾಡಿ, ಬೇಡ ಎನ್ನುವುದಿಲ್ಲ; ಆದರೆ ಮಾತು ಮುಗಿದ ಹತ್ತು ನಿಮಿಷದಲ್ಲಿ ವಾಟ್ಸಾಪ್‌ನಲ್ಲಿ ಅದೇ ವಿಷಯ ಹೋಗಿರಬೇಕು. ಇ–ಮೇಲ್ ವಿಳಾಸ ಇದ್ದರೆ ಅಲ್ಲಿಗೂ. ಹೀಗೆ ಬರೆದರೆ ಸಾಕು:

"ಕೆಎ 05 ಸರಣಿಯ ಈ ಸಂಖ್ಯೆಯ ಕಾರಿಗೆ ಈ ದಿನಾಂಕದಂದು ರೂ. 20,000 ಮುಂಗಡ ಕೊಟ್ಟಿದ್ದೇನೆ. ಯುಟಿಆರ್ ಸಂಖ್ಯೆ ಇದು. ಕಾರಿನ ಮೇಲೆ ಸಾಲ ಇಲ್ಲ ಎಂದು ನೀವು ಹೇಳಿದ್ದಿರಿ; ಸಾಲ ಇರುವುದು ಇಂದು ಆರ್‌ಸಿ ವಿವರದಲ್ಲಿ ಕಂಡುಬಂತು. ಆದ್ದರಿಂದ ಖರೀದಿಯಿಂದ ಹಿಂದೆ ಸರಿದಿದ್ದೇನೆ. ಕಾರನ್ನು ಈ ಕ್ಷಣದಿಂದ ಯಾರಿಗೆ ಬೇಕಾದರೂ ಮಾರಲು ನನ್ನ ಅಡ್ಡಿಯಿಲ್ಲ. ಹಣವನ್ನು ಏಳು ದಿನದೊಳಗೆ, ಬಂದ ಖಾತೆಗೇ ಮರಳಿಸಿ."

ಇದರಲ್ಲಿ ಎಲ್ಲರೂ ಬಿಟ್ಟುಬಿಡುವುದು "ಯಾರಿಗೆ ಬೇಕಾದರೂ ಮಾರಿ" ಎಂಬ ವಾಕ್ಯವನ್ನು. ತೂಕ ಇರುವುದು ಅದರಲ್ಲೇ. ನಿಮಗಾಗಿ ಗಾಡಿ ತಡೆದಿಟ್ಟೆ, ಗಿರಾಕಿಗಳನ್ನು ವಾಪಸ್ ಕಳಿಸಿದೆ ಎಂಬ ವಾದಕ್ಕೆ ಅಲ್ಲಿಗೆ ತೆರೆ ಬೀಳುತ್ತದೆ. ನಷ್ಟವನ್ನು ತಗ್ಗಿಸುವ ದಾರಿ ಇದ್ದೂ ಸುಮ್ಮನೆ ಕೂತವನಿಗೆ ಆ ನಷ್ಟದ ಪರಿಹಾರ ಪೂರ್ತಿ ಸಿಗದು ಎಂಬುದು 1872ರ ಭಾರತೀಯ ಕರಾರು ಕಾಯ್ದೆಯಷ್ಟೇ ಹಳೆಯ ನಿಯಮ.

ಸಂದೇಶದಲ್ಲಿ ಬೈಗುಳ ಬೇಡ. ನಾಳೆ ಅದನ್ನು ಓದುವವರು ಗ್ರಾಹಕ ಆಯೋಗದ ಸದಸ್ಯರೂ ಆಗಿರಬಹುದು.

3. ರಸೀದಿಯನ್ನು ಈಗಲಾದರೂ ಪೂರ್ತಿ ಓದಿ

ಹೆಚ್ಚಿನ ಯಾರ್ಡ್‌ಗಳ ರಸೀದಿ ಒಂದೇ ಜಾತಿಯದ್ದು. ಅರ್ಧ ಹಾಳೆಯಷ್ಟು ಗಾತ್ರ, ಮೇಲೆ ಗಣಪತಿ, ಕಾರ್ಬನ್ ಇಟ್ಟು ಬರೆದ ಮಾಸಲು ಅಕ್ಷರ, ಗಾಡಿ ಸಂಖ್ಯೆ, ಒಟ್ಟು ಬೆಲೆ, ಕೊಟ್ಟದ್ದು, ಬಾಕಿ. ತೀರಾ ಕೆಳಗೆ, ಸಹಿಗಿಂತಲೂ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ "ಮುಂಗಡ ಹಿಂತಿರುಗಿಸಲಾಗುವುದಿಲ್ಲ". ಕೆಲವೆಡೆ ಅದು ರಬ್ಬರ್ ಸ್ಟ್ಯಾಂಪಿನಲ್ಲಿರುತ್ತದೆ. ಅದನ್ನು ನೀವು ದುಡ್ಡು ಕೊಡುವ ಮೊದಲು ಒತ್ತಿದ್ದೋ ಆಮೇಲೆ ಒತ್ತಿದ್ದೋ ಎಂಬುದೇ ಒಂದು ಪ್ರಶ್ನೆ. ಹಣ ಕೈಸೇರಿದ ಮೇಲೆ ತೋರಿಸಿದ ಷರತ್ತಿಗೆ ನೀವು ಒಪ್ಪಿದಿರಿ ಎನ್ನುವುದು ಸುಲಭವಲ್ಲ. ಯುಪಿಐ ಮಾಡಿದ ಹೊತ್ತು ಫೋನಿನಲ್ಲಿದೆ; ರಸೀದಿ ಫೋಟೊ ವಾಟ್ಸಾಪ್‌ಗೆ ಬಂದ ಹೊತ್ತೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು ಸೂಕ್ಷ್ಮ ಇದೆ. ವ್ಯವಹಾರ ನಡೆಸಿಯೇ ತೀರುತ್ತೇನೆ ಎಂಬುದಕ್ಕೆ ಖಾತರಿಯಾಗಿ ಕೊಟ್ಟ ಹಣವನ್ನು ಕೋರ್ಟು ಒಂದು ರೀತಿ ನೋಡುತ್ತದೆ, ಬೆಲೆಯ ಒಂದು ಕಂತಾಗಿ ಕೊಟ್ಟ ಹಣವನ್ನು ಇನ್ನೊಂದು ರೀತಿ. ಕಂತಿನ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಕಷ್ಟ. ಖಾತರಿ ಹಣಕ್ಕೆ ಸ್ಪಷ್ಟ ಷರತ್ತು ಬರೆದಿದ್ದು, ಮೊತ್ತವೂ ನ್ಯಾಯವಾಗಿದ್ದು, ಹಿಂದೆ ಸರಿದವರು ನೀವೇ ಆಗಿದ್ದರೆ ಅದು ಹೋದರೂ ಹೋಯಿತು. 1969ರಲ್ಲಿ ಹನುಮಾನ್ ಕಾಟನ್ ಮಿಲ್ಸ್ ಮತ್ತು ಟಾಟಾ ಏರ್‌ಕ್ರಾಫ್ಟ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹಾಗೇ ಹೇಳಿತು. ವಿಮಾನದ ಗುಜರಿ ಕೊಳ್ಳಲು 10 ಲಕ್ಷಕ್ಕೆ ಒಪ್ಪಿ 2.5 ಲಕ್ಷ ಕಟ್ಟಿದವರು ಉಳಿದ ಹಣ ಕೊಡದೆ ಕೈಬಿಟ್ಟರು, ಕಟ್ಟಿದ್ದು ಹೋಯಿತು. ಆದ್ದರಿಂದ "ಕೋರ್ಟಿಗೆ ಹೋದರೆ ಗ್ಯಾರಂಟಿ ಬರುತ್ತೆ" ಎಂದು ಹುರಿದುಂಬಿಸುವ ಗೆಳೆಯರ ಮಾತನ್ನು ಪೂರ್ತಿ ನಂಬಿಬಿಡಬೇಡಿ.

ಎಂಟು ಲಕ್ಷದ ಕಾರಿಗೆ ಕೊಟ್ಟ ಹತ್ತು ಸಾವಿರ ಖಾತರಿ ಹಣದಂತೆ ಕಾಣುತ್ತದೆ. ಅದೇ ಕಾರಿಗೆ ಮೂರು ಲಕ್ಷ ಕಟ್ಟಿದ್ದರೆ ಅದು ಬೆಲೆಯ ಭಾಗವೇ, ರಸೀದಿಯಲ್ಲಿ ಅದಕ್ಕೆ ಏನೇ ಹೆಸರಿಟ್ಟಿರಲಿ. 1963ರ ಫತೇಚಂದ್ ಪ್ರಕರಣದಲ್ಲಿ ಕೋರ್ಟು ಎಳೆದ ಗೆರೆ ಇದೇ: ಮಾರುವವರು ಇಟ್ಟುಕೊಳ್ಳಲು ಸಿಕ್ಕಿದ್ದು ಖಾತರಿಯ 1,000 ರೂಪಾಯಿ, ಅದರ ಮೇಲೆ ಕಟ್ಟಿದ್ದ 24,000ವನ್ನು ಷರತ್ತಿನ ಬಲದಿಂದಲೇ ನುಂಗಲು ಬಿಡಲಿಲ್ಲ.

4. ಒಂದೇ ಪ್ರಶ್ನೆ ಕೇಳಿ: "ನಿಮಗೆ ಆದ ನಷ್ಟ ಎಷ್ಟು?"

ಕರಾರು ಕಾಯ್ದೆಯ 74ನೇ ಕಲಂ ಹೇಳುವುದು ಇಷ್ಟು. ಕರಾರು ಮುರಿದರೆ ಇಷ್ಟು ದಂಡ ಎಂದು ಬರೆದುಕೊಂಡಿದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲ್ಮಿತಿ. ಅಂದರೆ ಐವತ್ತು ಸಾವಿರ ಮುಟ್ಟುಗೋಲು ಎಂದು ಬರೆದಿದ್ದರೆ ಐವತ್ತಕ್ಕಿಂತ ಹೆಚ್ಚು ಕೇಳುವಂತಿಲ್ಲ, ಐವತ್ತೂ ಸಿಕ್ಕೇ ಸಿಗುತ್ತದೆ ಎಂದೂ ಇಲ್ಲ.

ಇದಕ್ಕೆ ಒಳ್ಳೆಯ ಬಲ ಕೊಟ್ಟದ್ದು 2015ರ ಕೈಲಾಸನಾಥ್ ಅಸೋಸಿಯೇಟ್ಸ್ ತೀರ್ಪು. ದೆಹಲಿ ಅಭಿವೃದ್ಧಿ ಪ್ರಾಧಿಕಾರ 1982ರಲ್ಲಿ ಭಿಕಾಜಿ ಕಾಮಾ ಪ್ಲೇಸ್‌ನ ಒಂದು ನಿವೇಶನ ಹರಾಜು ಹಾಕಿತು. 3.12 ಕೋಟಿಗೆ ಕೂಗಿದವರು 78 ಲಕ್ಷ ಕಟ್ಟಿದರು. ವರ್ಷಗಟ್ಟಲೆ ಪತ್ರ ವ್ಯವಹಾರ ನಡೆದು ಕೊನೆಗೆ ಪ್ರಾಧಿಕಾರ ಆ 78 ಲಕ್ಷ ಮುಟ್ಟುಗೋಲು ಹಾಕಿಕೊಂಡು, ಅದೇ ನಿವೇಶನವನ್ನು 1994ರಲ್ಲಿ 11.78 ಕೋಟಿಗೆ ಮಾರಿತು. ಮೂರು ಕೋಟಿಯ ಜಾಗಕ್ಕೆ ಹನ್ನೊಂದು ಕೋಟಿ ಸಿಕ್ಕ ಮೇಲೆ ನಷ್ಟ ಎಲ್ಲಿಂದ ಬಂತು? ಹಣವನ್ನು ಶೇ 9ರ ಬಡ್ಡಿ ಸಮೇತ ಮರಳಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಕರಾರು ಮುರಿದವರು ಕೊಳ್ಳುವವರಲ್ಲ ಎಂಬುದೂ ನಿಜ. ಆದರೂ ನಷ್ಟವೇ ಆಗದ ಕಡೆ ಪರಿಹಾರವಿಲ್ಲ ಎಂದು ಅದು ಹೇಳಿದ ಮಾತು ಎಲ್ಲ ಕರಾರುಗಳಿಗೂ ಸಲ್ಲುತ್ತದೆ, ಯಾರ್ಡ್‌ನ ಸ್ವಿಫ್ಟ್‌ಗೂ.

ಯಾರ್ಡ್‌ಗೆ ಆಗುವ ನಷ್ಟ ಏನಿರಬಹುದು, ಲೆಕ್ಕ ಹಾಕಿ. ಗಾಡಿ ಎರಡು ದಿನ "ಸೋಲ್ಡ್" ಬೋರ್ಡ್ ಹಾಕಿಕೊಂಡು ನಿಂತಿತ್ತು. ನಷ್ಟ ಸುಮಾರು ಸೊನ್ನೆ. ನೀವು ಹೇಳಿದಿರೆಂದು ಹೊಸ ಟೈರ್ ಹಾಕಿಸಿದ್ದಾರೆ, ಸೀಟ್ ಕವರ್ ಹೊಲಿಸಿದ್ದಾರೆ. ಅದು ನಿಜವಾದ ಖರ್ಚು, ಬಿಲ್ ತೋರಿಸಿದರೆ ಕೊಡಬೇಕಾದ್ದೇ. ಆರ್‌ಟಿಒ ಶುಲ್ಕ ಕಟ್ಟಿದ್ದರೆ ಅದೂ ಹಾಗೇ. ನಮ್ಮ ಕಡೆಯ ಪಂಚಾಂಗವೂ ಈ ಲೆಕ್ಕದಲ್ಲಿ ಬರುತ್ತದೆ. "ಆಷಾಢ ಕಳೀಲಿ, ಶ್ರಾವಣದಲ್ಲಿ ಡೆಲಿವರಿ ತಗೋತೀನಿ" ಎಂದು ಟೋಕನ್ ಹಾಕಿ ತಿಂಗಳು ತಡೆದಿಡಿಸಿ ಬೇಡ ಎಂದರೂ, ಆಷಾಢದಲ್ಲಿ ಕೊಳ್ಳುವವರೇ ಕಡಿಮೆ ಎಂದು ನೀವು ವಾದಿಸಬಹುದು. ಆದರೆ ಆಯುಧಪೂಜೆಗೆ ಮೂರು ವಾರ ಮುಂಚೆ ಗಾಡಿ ಹಿಡಿದಿಟ್ಟು ಹಬ್ಬದ ಹಿಂದಿನ ದಿನ ಕೈಕೊಟ್ಟರೆ ಡೀಲರ್‌ನ ಸಿಟ್ಟಿಗೆ ಅರ್ಥವಿದೆ. ಅವನ ವರ್ಷದ ಒಳ್ಳೆಯ ಸೀಸನ್ ಅದು. ಅಂಥ ಕಡೆ ನಾನಾದರೆ ಒಂದಿಷ್ಟು ಬಿಟ್ಟುಕೊಡುವುದೇ ಸರಿ ಎನ್ನುತ್ತೇನೆ.

ನಷ್ಟದ ಲೆಕ್ಕ ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಹತ್ತರಲ್ಲಿ ಒಂಬತ್ತು ಮಂದಿ ಕೊಡಲಾರರು. ಕೊಡದಿರುವುದೂ ನಿಮ್ಮ ಕಡೆಯ ದಾಖಲೆಯೇ.

5. ಜಾಹೀರಾತಿನ ಮೇಲೆ ಕಣ್ಣಿಡಿ

ನೀವು ಬೇಡ ಎಂದ ಕಾರು ಮರುದಿನವೇ ಆನ್‌ಲೈನ್‌ನಲ್ಲಿ ಮತ್ತೆ ಕಾಣಿಸುತ್ತದೆ. ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ ಮತ್ತು ಬೆಲೆ ಕಾಣುವಂತೆ. ಅದೇ ಬೆಲೆಗೋ ಹೆಚ್ಚಿಗೋ ಹಾಕಿದ್ದಾರೆ ಎಂದರೆ ಅವರಿಗೆ ನಷ್ಟವಾಗಿಲ್ಲ ಎಂಬುದಕ್ಕೆ ಪುರಾವೆ ಸಿಕ್ಕಂತೆ. ಕೆಲವು ವಾರ ಬಿಟ್ಟು ಸರ್ಕಾರದ ವಾಹನ್ ತಾಣದ ದಾಖಲೆಯಲ್ಲಿ ಮಾಲೀಕರ ಕ್ರಮಸಂಖ್ಯೆ ಒಂದು ಏರಿದ್ದರೆ ಗಾಡಿ ಮಾರಾಟವಾಗಿದೆ.

6. ಸುಳ್ಳು ಹೇಳಿದ್ದರೆ, ಸುಳ್ಳು ಹೇಳಿದ ಜಾಗ ಹುಡುಕಿ

ಹಳೇ ಕಾರಿನ ಸುಳ್ಳುಗಳು ಬಹಳ ಬಗೆಯವಲ್ಲ. ಮೀಟರ್ ಹಿಂದಕ್ಕೆ ತಿರುಗಿಸಿರುತ್ತಾರೆ. ಅಧಿಕೃತ ಸರ್ವಿಸ್ ಸೆಂಟರ್‌ನ ದಾಖಲೆಯಲ್ಲಿ ಎರಡು ವರ್ಷದ ಹಿಂದೆಯೇ ಇದಕ್ಕಿಂತ ಹೆಚ್ಚು ಕಿಲೋಮೀಟರ್ ನಮೂದಾಗಿರುತ್ತದೆ. "ಫಸ್ಟ್ ಓನರ್" ಎಂದಿರುತ್ತಾರೆ; ಪರಿವಾಹನ್ ತಾಣದಲ್ಲಿ ಮೂರನೆಯ ಮಾಲೀಕ. ಆರ್‌ಸಿಯಲ್ಲಿ ಬ್ಯಾಂಕಿನ ಹೈಪೊತಿಕೇಶನ್ ಇನ್ನೂ ಕೂತಿರುತ್ತದೆ. ಬ್ಯಾಂಕ್ ಒಪ್ಪಿ ಫಾರಂ 35 ಕೊಡುವ ತನಕ ಆ ಸಾಲದ ನಮೂದು ತೆಗೆಯಲಾಗದು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ಓಡಾಟದ ಕಟ್ಟುಪಾಡು ಬಂದ ಮೇಲೆ ಅಂಥ ಎಷ್ಟೋ ಗಾಡಿಗಳು ದಕ್ಷಿಣಕ್ಕೆ ಇಳಿದಿವೆ. "ಬೆಲೆ ಕಡಿಮೆ" ಎಂದು ತೋರಿಸಿದವರು ಎನ್‌ಒಸಿ, ಮರುನೋಂದಣಿ, ಕರ್ನಾಟಕದ ಲೈಫ್ ಟ್ಯಾಕ್ಸ್ ಸೇರಿಸಿದರೆ ಎಷ್ಟಾಗುತ್ತದೆ ಎಂದು ಹೇಳಿರುವುದಿಲ್ಲ. ನೀರಿನಲ್ಲಿ ಮುಳುಗಿದ ಗಾಡಿಗಳದ್ದು ಮತ್ತೊಂದು ಕಥೆ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ನಿಂತಲ್ಲೇ ನೆಂದ ಕಾರುಗಳನ್ನು ನಾಡೇ ನೋಡಿದೆ. ಸೀಟ್‌ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಕೆಸರಿನ ಗೆರೆ ಅಲ್ಲಿ ಅವಿತಿರುತ್ತದೆ. ಸ್ಟೆಪ್ನಿ ಎತ್ತಿದರೆ ಕೆಳಗೆ ತುಕ್ಕು.

ಇಷ್ಟೆಲ್ಲ ಪತ್ತೆ ಹಚ್ಚಿದರೂ ಮುಗಿಯಲಿಲ್ಲ. ಸುಳ್ಳು ಹೇಳಿ ಒಪ್ಪಿಗೆ ಪಡೆದ ಕರಾರನ್ನು ರದ್ದು ಮಾಡುವ ಹಕ್ಕು ಕರಾರು ಕಾಯ್ದೆಯ 19ನೇ ಕಲಮಿನಲ್ಲಿದೆ. ಆದರೆ ಅದಕ್ಕೊಂದು ಬಾಲವೂ ಇದೆ. ಮಾರುವವನು ಮೋಸದಿಂದ ಸುಮ್ಮನಿದ್ದ, ಅಥವಾ ತಾನೂ ನಂಬಿ ತಪ್ಪು ಮಾಹಿತಿ ಕೊಟ್ಟ ಎಂದಾದರೆ, "ಸಾಮಾನ್ಯ ಎಚ್ಚರ ವಹಿಸಿದ್ದರೆ ಕೊಳ್ಳುವವರಿಗೇ ಗೊತ್ತಾಗುತ್ತಿತ್ತಲ್ಲ" ಎಂದು ಅವನು ವಾದಿಸಬಹುದು. ವಾಹನ್ ತಾಣ ಎಲ್ಲರಿಗೂ ತೆರೆದಿದೆ, ನೀವೇಕೆ ನೋಡಲಿಲ್ಲ? ಗೊತ್ತಿದ್ದೂ ಬಾಯಿಬಿಟ್ಟು ಸುಳ್ಳು ಹೇಳಿದ್ದರೆ ಮಾತ್ರ ಈ ವಾದ ನಡೆಯದು. ಅದಕ್ಕೇ ಜಾಹೀರಾತಿನ ಸಾಲು, ವಾಟ್ಸಾಪ್‌ನಲ್ಲಿ ಅವರೇ ಬರೆದ "ನೋ ಲೋನ್ ಸಾರ್, ನೋ ಆಕ್ಸಿಡೆಂಟ್", ಕಳಿಸಿದ ವಾಯ್ಸ್ ನೋಟ್ ಇವು ಚಿನ್ನಕ್ಕೆ ಸಮ. ಅಳಿಸಬೇಡಿ, ಫೋನ್ ಬದಲಿಸುವುದಿದ್ದರೂ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಹಾಕಬೇಡಿ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ಪ್ರಿಂಟ್‌ಔಟ್ ಜೊತೆ ಒಂದು ಪ್ರಮಾಣಪತ್ರವೂ ಬೇಕಾಗುತ್ತದೆ.

7. ಲೋನ್ ಸಿಗದಿದ್ದರೆ ಬ್ಯಾಂಕಿನ ಕಾಗದ ಮೊದಲು

"ಲೋನ್ ನಾವೇ ಮಾಡಿಸಿಕೊಡ್ತೀವಿ" ಎಂದು ಡೀಲರ್ ಹೇಳಿದ್ದರೆ, ಆ ಭರವಸೆಯ ಮೇಲೆಯೇ ನೀವು ಟೋಕನ್ ಹಾಕಿದ್ದು. ಅರ್ಜಿ ತಿರಸ್ಕಾರವಾದ ಎಸ್‌ಎಂಎಸ್ ಅಥವಾ ಮೇಲ್ ಇಟ್ಟುಕೊಂಡು ಮಾತಾಡಿ. ಬಾಯಿಮಾತಿನಲ್ಲಿ "ಸಿಬಿಲ್ ಪ್ರಾಬ್ಲಂ ಅಂತೆ" ಎಂದರೆ ಯಾರೂ ನಂಬುವುದಿಲ್ಲ.

8. "ಬೇರೆ ಗಾಡಿ ತಗೊಳ್ಳಿ, ಅಡ್ಜಸ್ಟ್ ಮಾಡ್ತೀವಿ" ಎಂಬ ಜಾಣತನಕ್ಕೆ ತಲೆಯಾಡಿಸಬೇಡಿ

ಇಷ್ಟವಾದ ಗಾಡಿ ನಿಜಕ್ಕೂ ಅಲ್ಲಿದ್ದರೆ ಸರಿ. ಇಲ್ಲದಿದ್ದರೆ ಇದು ಕಾಲ ತಳ್ಳುವ ಉಪಾಯ. "ಆಯ್ತು ನೋಡೋಣ" ಎಂಬ ನಿಮ್ಮ ಸೌಜನ್ಯದ ಉತ್ತರವೇ, ವ್ಯವಹಾರ ಮುಗಿದಿಲ್ಲ, ಮುಂದುವರಿದಿದೆ ಎಂಬುದಕ್ಕೆ ನಾಳೆ ಸಾಕ್ಷಿಯಾಗುತ್ತದೆ. "ಬೇರೆ ಗಾಡಿ ಬೇಡ, ಹಣ ಮರಳಿಸಿ." ಇಷ್ಟೇ ಬರೆಯಿರಿ.

9. ಎಷ್ಟು ಬಿಡಬಹುದು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಹೋಗಿ

ಇಪ್ಪತ್ತು ಸಾವಿರಕ್ಕೆ ಹದಿನೆಂಟು ಇವತ್ತೇ ಕೈಗೆ ಬರುವುದಾದರೆ, ತಪ್ಪು ನಿಮ್ಮ ಕಡೆಯೂ ಸ್ವಲ್ಪ ಇದ್ದರೆ, ತೆಗೆದುಕೊಂಡು ಬನ್ನಿ. ಅವರೇ ಮೋಸ ಮಾಡಿದ್ದರೆ ಎರಡು ಸಾವಿರವನ್ನೂ ಬಿಡಬೇಡಿ. ಹಣಕ್ಕಾಗಿ ಅಲ್ಲ, ನಿಮ್ಮ ನಂತರ ಅದೇ ಯಾರ್ಡ್‌ಗೆ ಹೋಗುವವನಿಗಾಗಿ. ಮಾತುಕತೆಗೆ ವಾರದ ದಿನ ಬೆಳಿಗ್ಗೆ ಹೋಗುವುದು ಒಳ್ಳೆಯದು, ಮಾಲೀಕರು ಇರುವ ಹೊತ್ತು ಕೇಳಿಕೊಂಡು. ಸೇಲ್ಸ್ ಹುಡುಗನ ಹತ್ತಿರ ಜಗಳವಾಡಿ ಪ್ರಯೋಜನವಿಲ್ಲ. ಅವನಿಗೆ ವಾಪಸ್ ಕೊಡುವ ಅಧಿಕಾರವೂ ಇಲ್ಲ, ಆ ಟೋಕನ್ ಮೇಲೆ ಕಮಿಷನ್ ಆಸೆ ಬೇರೆ.

10. ಚೆಕ್ ಕೊಟ್ಟರೆ ದಿನ ಎಣಿಸಿ, ಕ್ಯೂಆರ್ ಕೊಟ್ಟರೆ ಮುಟ್ಟಬೇಡಿ

ಮುಂದಿನ ದಿನಾಂಕದ ಚೆಕ್ ಕೊಟ್ಟು ಕಳಿಸುವುದುಂಟು. ತೆಗೆದುಕೊಳ್ಳಿ, ಹಣ ವಾಪಸ್ ಕೊಡಬೇಕಿದೆ ಎಂದು ಅವರೇ ಒಪ್ಪಿಕೊಂಡಂತಾಯಿತು. ಯಾವುದಕ್ಕೆ ಕೊಟ್ಟ ಚೆಕ್ ಎಂದು ಒಂದು ಸಾಲು ಬರೆಸಿಕೊಳ್ಳಿ. ಚೆಕ್ಕಿನ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದರೆ, ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್. ನೋಟಿಸ್ ಕೈಸೇರಿ 15 ದಿನದಲ್ಲಿ ಹಣ ಬಾರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಇದು. ಈ ಗಡುವುಗಳಲ್ಲಿ ಒಂದು ತಪ್ಪಿದರೂ ಕೇಸಿನ ಕಾಲು ಮುರಿದಂತೆಯೇ.

"ರೀಫಂಡ್ ಕಳಿಸಿದ್ದೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದರೆ ಅದು ಮೋಸ. ಹಣ ಬರುವುದಕ್ಕೆ ಪಿನ್ ಬೇಕಿಲ್ಲ.

11. ಆನ್‌ಲೈನ್ ಕಂಪನಿಗಾದರೆ ಇ–ಕಾಮರ್ಸ್ ನಿಯಮ ನೆನಪಿಸಿ

ಆಪ್‌ನಲ್ಲಿ ಕಾರು ಬುಕ್ ಮಾಡಿದ್ದರೆ, ಬುಕಿಂಗ್ ದಿನದ ಷರತ್ತುಗಳ ಸ್ಕ್ರೀನ್‌ಶಾಟ್ ಬೇಕು. ಆ ಪುಟಗಳು ಬದಲಾಗುತ್ತಲೇ ಇರುತ್ತವೆ. 2020ರ ಗ್ರಾಹಕ ಸಂರಕ್ಷಣೆ ಇ–ಕಾಮರ್ಸ್ ನಿಯಮಗಳಂತೆ, ತಾನು ಏಕಪಕ್ಷೀಯವಾಗಿ ರದ್ದು ಮಾಡಿದಾಗ ಅಂಥದ್ದೇ ಶುಲ್ಕ ಹೊರದ ಕಂಪನಿ ನಿಮ್ಮ ಮೇಲೆ ರದ್ದತಿ ಶುಲ್ಕ ಹೇರುವಂತಿಲ್ಲ. ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಚಾಟ್‌ಬಾಟ್ ಜೊತೆ ಗುದ್ದಾಡುವ ಬದಲು ಆ ಅಧಿಕಾರಿಯ ಮೇಲ್ ವಿಳಾಸ ಹುಡುಕಿ. ಅದನ್ನು ಪ್ರಕಟಿಸುವುದು ಅವರ ಕರ್ತವ್ಯ.

12. ನೋಟಿಸ್: ಒಂದು ಪುಟ ಸಾಕು

ಏಳು ದಿನ ಕಳೆದವು, ಹಣ ಬರಲಿಲ್ಲ. ಈಗ ಕಾಗದದ ನೋಟಿಸ್ ಹೋಗಲಿ. ವಕೀಲರೇ ಬರೆಯಬೇಕೆಂದಿಲ್ಲ, ಆದರೆ ಅವರ ಲೆಟರ್‌ಹೆಡ್‌ಗೆ ಬೇರೆಯದೇ ಮರ್ಯಾದೆ ಸಿಗುವುದು ಸುಳ್ಳಲ್ಲ. ಕೊಟ್ಟ ಹಣ, ದಿನಾಂಕ, ಹಿಂದೆ ಸರಿದ ಕಾರಣ, ಹಿಂದೆ ಸರಿದದ್ದನ್ನು ತಿಳಿಸಿದ ದಿನ, 15 ದಿನದ ಗಡುವು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಗಿದೆ. ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ತಲುಪಿದ ದಾಖಲೆ ತೆಗೆದಿಡಿ.

ಜೊತೆಗೆ ಒಂದು ಸಾಲು ಸೇರಿಸಬಹುದು: "ನಿಮ್ಮ ಅಧಿಕೃತ ಡೀಲರ್ ಪ್ರಮಾಣಪತ್ರದ ಪ್ರತಿ ಕಳಿಸಿ." 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮಗಳಂತೆ ಹಳೇ ವಾಹನ ಮಾರುವ ಡೀಲರ್‌ಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯಬೇಕು. ಅದು ಇಲ್ಲದವರಿಗೆ ಈ ಸಾಲು ಚೆನ್ನಾಗಿ ಅರ್ಥವಾಗುತ್ತದೆ.

13. ಎಲ್ಲಿ ದೂರು ಕೊಡಬೇಕು ಎಂಬುದು ಮಾರುವವರು ಯಾರು ಎಂಬುದರ ಮೇಲಿದೆ

ಡೀಲರ್, ಕನ್ಸಲ್ಟೆನ್ಸಿ ಅಥವಾ ಕಂಪನಿಯಾದರೆ ಗ್ರಾಹಕ ಕಾನೂನು ನಿಮ್ಮ ಕೈಯಲ್ಲಿದೆ. ಮೊದಲ ಹೆಜ್ಜೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರಿಗೆ ಆದೇಶ ಹೊರಡಿಸುವ ಅಧಿಕಾರ ಇಲ್ಲ, ಆದರೆ ಹೆಸರು ಉಳಿಸಿಕೊಳ್ಳಬೇಕಾದ ಕಂಪನಿಗಳು ಆ ಹಂತದಲ್ಲೇ ಬಗ್ಗುವುದುಂಟು. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ದೊಡ್ಡ ಉಪಕಾರವೆಂದರೆ ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಯಾರ್ಡ್‌ಗೆ ಹಣ ಕೊಟ್ಟ ಶಿವಮೊಗ್ಗದವರು ಶಿವಮೊಗ್ಗದಲ್ಲೇ ಹಾಕಲಿ, ಡೀಲರ್ ಅಲ್ಲಿಗೆ ಬರಲಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಮನೆಯಲ್ಲೇ ಕೂತು ಇ–ಜಾಗೃತಿ ತಾಣದಲ್ಲಿ ಸಲ್ಲಿಸಬಹುದು. ಗಡುವು ಎರಡು ವರ್ಷ. ಹಳದಿ ಬೋರ್ಡ್ ಕಾರಾದರೆ ಒಂದು ತೊಡಕು: ನಾಲ್ಕೈದು ಗಾಡಿ ಓಡಿಸುವ ಟ್ರಾವೆಲ್ಸ್‌ನವರು ಗ್ರಾಹಕರಲ್ಲ, ಸ್ವಂತ ಹೊಟ್ಟೆಪಾಡಿಗೆ ತಾನೇ ಓಡಿಸುವವನು ಗ್ರಾಹಕನೇ.

ಪರಿಹಾರಧನದ ಅಂಕಣದಲ್ಲಿ ಹತ್ತು ಲಕ್ಷ ಮಾನಸಿಕ ಯಾತನೆ ಎಂದು ತುಂಬುವ ಆಸೆ ಬರುತ್ತದೆ. ಬೇಡ. ಹಣ, ಬಡ್ಡಿ, ಒಂದು ನ್ಯಾಯವಾದ ಖರ್ಚು ಕೇಳಿದ ದೂರನ್ನು ಓದುವವರು ಗಂಭೀರವಾಗಿ ಓದುತ್ತಾರೆ.

ಪಕ್ಕದ ಬೀದಿಯವರ ಸ್ವಂತ ಕಾರಿಗೆ ಅಡ್ವಾನ್ಸ್ ಕೊಟ್ಟಿದ್ದರೆ ಗ್ರಾಹಕ ಆಯೋಗ ನಡೆಯದು. ಅವರು ವ್ಯಾಪಾರಿಯಲ್ಲ. ಅಲ್ಲಿ ಸಿವಿಲ್ ದಾವೆಯೇ ಗತಿ, ಕಾಲಾವಕಾಶ ಮೂರು ವರ್ಷ. ಇಪ್ಪತ್ತು ಸಾವಿರಕ್ಕೆ ದಾವೆ ಹೂಡುವ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಬಾಗಿಲು ತಟ್ಟಿ. ಕೇಸು ದಾಖಲಾಗುವ ಮೊದಲೇ ಲೋಕ ಅದಾಲತ್‌ನಲ್ಲಿ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ವ್ಯವಸ್ಥೆ ಇದೆ, ಅದಕ್ಕೆ ಶುಲ್ಕವಿಲ್ಲ, ಅಲ್ಲಿನ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ. ಸಹಾಯವಾಣಿ 15100.

14. ಪೊಲೀಸ್ ಠಾಣೆಗೆ ಯಾವಾಗ

"ಇದು ಸಿವಿಲ್ ಮ್ಯಾಟರ್" ಎಂದು ಇನ್‌ಸ್ಪೆಕ್ಟರ್ ಹೇಳಿದರೆ ಸಿಟ್ಟಾಗಬೇಡಿ, ಬಹುಪಾಲು ಸಲ ಅವರು ಹೇಳುವುದು ಸರಿ. ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಎಂದು ತೋರಿಸಲು ಸಾಧ್ಯವಿದ್ದರೆ ಮಾತ್ರ ಅದು ವಂಚನೆ: ಒಂದೇ ಕಾರಿಗೆ ನಾಲ್ಕು ಮಂದಿಯಿಂದ ಟೋಕನ್, ತನ್ನದಲ್ಲದ ಕಾರಿನ ಮಾರಾಟ, ಇಲ್ಲದ ಕಾರಿನ ಫೋಟೊ. ಸೈನಿಕನ ವೇಷದ ಫೋಟೊ ಹಾಕಿ "ವರ್ಗಾವಣೆ ಆಗಿದೆ, ಕಡಿಮೆಗೆ ಕೊಡ್ತೀನಿ, ಬುಕಿಂಗ್ ಹಣ ಕಳಿಸಿ" ಎನ್ನುವ ಆನ್‌ಲೈನ್ ಕಳ್ಳರಿಗೆ ಹಣ ಹೋಗಿದ್ದರೆ ಮೇಲಿನ ಯಾವ ಸೂತ್ರವೂ ಬೇಡ. ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆ ಮಾತ್ರ.

15. ಇನ್ನೂ ಟೋಕನ್ ಹಾಕಿಲ್ಲದವರಿಗೆ

ಐದು ಸಾವಿರಕ್ಕಿಂತ ಹೆಚ್ಚು ಕೊಡಬೇಡಿ, ನಗದು ಕೊಡಬೇಡಿ, ಸೇಲ್ಸ್ ಹುಡುಗನ ಸ್ವಂತ ನಂಬರಿಗೆ ಕಳಿಸಬೇಡಿ. ಯುಪಿಐ ಒತ್ತುವ ಮೊದಲು ಈ ಸಂದೇಶ ಕಳಿಸಿ, ಅವರಿಂದ "ಓಕೆ" ಬರಲಿ: "ಮೆಕ್ಯಾನಿಕ್ ತಪಾಸಣೆ, ಆರ್‌ಸಿ ಮತ್ತು ಸಾಲದ ವಿವರ, ನನ್ನ ಲೋನ್ ಮಂಜೂರಾತಿ ಇವುಗಳಲ್ಲಿ ಯಾವುದು ಸರಿಹೋಗದಿದ್ದರೂ ಈ ಮುಂಗಡ ಪೂರ್ತಿ ವಾಪಸ್." ಆ ಎರಡಕ್ಷರ ಟೈಪ್ ಮಾಡಲು ಹಿಂದೆಮುಂದೆ ನೋಡುವ ಡೀಲರ್ ಹತ್ತಿರ ಕಾರು ಎಷ್ಟೇ ಚೆನ್ನಾಗಿರಲಿ, ಸಂಜೆ ಬರುವ ಆ ಇನ್ನೊಂದು ಪಾರ್ಟಿಯೇ ತೆಗೆದುಕೊಳ್ಳಲಿ.